ಹೊಸ ಇಂಟೀರಿಯರ್ ಮನೆಯಲ್ಲಿ ಕಣ್ಣುರಿ, ತಲೆನೋವು: ಗಾಳಿಯಲ್ಲಿರುವ ರಾಸಾಯನಿಕದ ಮೂಲ ಹಿಡಿಯುವುದು ಹೇಗೆ

ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಇಂಟೀರಿಯರ್ ಕೆಲಸ ಮುಗಿದು ಗೃಹಪ್ರವೇಶವಾಗಿ ಎರಡು ತಿಂಗಳು. ಮಲಗುವ ಕೋಣೆಗೆ ಕಾಲಿಟ್ಟರೆ ಕಣ್ಣುರಿ, ಬೆಳಿಗ್ಗೆ ಎದ್ದರೆ ಗಂಟಲು ಕೆರೆತ, ವಾರ್ಡ್‌ರೋಬ್ ಬಾಗಿಲು ತೆಗೆದರೆ ಮೂಗಿಗೆ ಚುಚ್ಚುವ ವಾಸನೆ. ಮನೆಯವರು ಪೇಂಟ್ ವಾಸನೆ ಅಂದುಕೊಂಡಿರುತ್ತಾರೆ, ಪೇಂಟರ್ "ಇನ್ನೊಂದು ವಾರ ಸಾರ್, ಹೋಗುತ್ತೆ" ಅಂದಿರುತ್ತಾನೆ. ಏರ್ ಪ್ಯೂರಿಫೈಯರ್ ಬಂದಿರುತ್ತದೆ, ಕಿಟಕಿಯ ಬಳಿ ಸ್ನೇಕ್ ಪ್ಲಾಂಟ್ ಕೂತಿರುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಕಾರಣ ಇಷ್ಟೇ: ಮೂಲ ಯಾವುದೆಂದು ಹುಡುಕದೆ ಗಾಳಿಗೆ ಮದ್ದು ಮಾಡಲು ಹೊರಟಿರುತ್ತಾರೆ. ವಾಸನೆ ಎಲ್ಲಿಂದ, ಯಾವ ಹೊತ್ತಿನಲ್ಲಿ, ಯಾವ ಹವೆಯಲ್ಲಿ ಏಳುತ್ತದೆ ಎಂಬುದನ್ನು ಗಮನಿಸಿದರೆ ಹೆಚ್ಚಿನ ಮನೆಗಳಲ್ಲಿ ಲ್ಯಾಬ್‌ಗೆ ಹೋಗುವ ಮೊದಲೇ ಮೂಲ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು: ಕಾರ್ಬನ್ ಮಾನಾಕ್ಸೈಡ್ ಅಲ್ಲ ಎಂದು ಖಚಿತಪಡಿಸಿಕೊಳ್ಳಿ

ಉಳಿದ ರಾಸಾಯನಿಕಗಳ ಪತ್ತೆಗೆ ವಾರ ಹಿಡಿದರೂ ನಡೆಯುತ್ತದೆ, ಇದಕ್ಕೆ ನಿಮಿಷಗಳ ಲೆಕ್ಕ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಜ್ವರವಿಲ್ಲದೆ ತಲೆನೋವು, ವಾಕರಿಕೆ, ಕಾಲು ಸೋಲುವುದು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಹೀಗಾಗುವುದು. ಸ್ನಾನಕ್ಕೆ ಹೋದಾಗ ಶುರುವಾಗಿ ಹೊರಗೆ ಬಂದರೆ ಇಳಿಯುವುದು. ಇವುಗಳಲ್ಲಿ ಒಂದಿದ್ದರೂ ಗ್ಯಾಸ್ ಗೀಸರ್ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಎಲ್ಲರೂ ಹೊರಗೆ ಬನ್ನಿ. ತಲೆಸುತ್ತು ಜೋರಾಗಿದ್ದರೆ 108ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ಸಮಾಧಾನ ಬೇಡ: ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್‌ಗೂ ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್‌ಗೂ ಆ ಉಪಕರಣಕ್ಕೆ ವ್ಯತ್ಯಾಸ ತಿಳಿಯದು. ಆಸ್ಪತ್ರೆಯಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಬೇಕೆಂದು ಹೆಸರು ಹೇಳಿ ಕೇಳಿ.

ಗೀಸರ್ ಯಾಕೆ ಹೀಗೆ ಮಾಡುತ್ತದೆಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಇನ್‌ಸ್ಟಂಟ್ ಗೀಸರ್ ಗಂಟೆಗೆ ಸುಮಾರು 0.8 ಕೆ.ಜಿ. ಎಲ್‌ಪಿಜಿ ಸುಡುತ್ತದೆ. 5 ಅಡಿ × 7 ಅಡಿಯ, 9 ಅಡಿ ಎತ್ತರದ ಬಚ್ಚಲುಮನೆಯಲ್ಲಿರುವ ಗಾಳಿ 9 ಘನ ಮೀಟರ್‌ಗಿಂತಲೂ ತುಸು ಕಡಿಮೆ. ಬಾಗಿಲು, ವೆಂಟಿಲೇಟರ್ ಮುಚ್ಚಿ ಹತ್ತು ನಿಮಿಷ ಉರಿಸಿದರೆ ಆಮ್ಲಜನಕ 21ರಿಂದ ಶೇ. 17ರ ಹತ್ತಿರಕ್ಕೆ ಇಳಿಯುತ್ತದೆ. ಆಮ್ಲಜನಕ ಇಳಿದಂತೆ ಜ್ವಾಲೆ ಅರೆಬರೆ ಉರಿಯುತ್ತದೆ, ಮಾನಾಕ್ಸೈಡ್ ಹುಟ್ಟುವುದು ಆಗ. ಅಂದರೆ ಗೀಸರ್ ಕೆಟ್ಟಿರಬೇಕೆಂದೇನೂ ಇಲ್ಲ, ಹೊಚ್ಚ ಹೊಸದೂ ಇದನ್ನೇ ಮಾಡುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಧೈರ್ಯವೂ ಸಲ್ಲದು. ಹೊರಗಿನಿಂದ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಗೀಸರ್‌ನ ಹೊಗೆಯನ್ನೇ ಕೋಣೆಗೆ ವಾಪಸ್ ಎಳೆದುಕೊಳ್ಳುತ್ತದೆ. ಗೀಸರ್ ಯುಟಿಲಿಟಿಯಲ್ಲೋ ಹೊರಗೋಡೆಯಲ್ಲೋ ಇರಬೇಕು, ಬಚ್ಚಲಿಗೆ ಬರಬೇಕಾದದ್ದು ಬಿಸಿನೀರಿನ ಪೈಪ್ ಮಾತ್ರ. ಇದಕ್ಕೆ ಬೇರೆ ರಿಪೇರಿ ಇಲ್ಲ.

ಮಾನಾಕ್ಸೈಡ್ ಅಲಾರ್ಮ್ ಕೊಳ್ಳುವುದಾದರೆ ಇಎನ್ 50291 ಮಾನಕದ್ದನ್ನು ನೋಡಿ. ಅದು 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಇದ್ದರೆ ಮೂರು ನಿಮಿಷದೊಳಗೆ ಕೂಗುತ್ತದೆ, 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷ ಬೇಕು. ಕೂಗಲಿಲ್ಲ ಎಂದರೆ ಅಪಾಯದ ಮಟ್ಟಕ್ಕೆ ಹೋಗಿಲ್ಲ ಎಂದಷ್ಟೇ ಅರ್ಥ, ಗಾಳಿ ಚೊಕ್ಕವಾಗಿದೆ ಎಂದಲ್ಲ. ಅಡುಗೆಮನೆಯ ಗ್ಯಾಸ್ ಲೀಕ್ ಅಲಾರ್ಮ್ ಬೇರೆಯೇ ಉಪಕರಣ, ಅದಕ್ಕೆ ಮಾನಾಕ್ಸೈಡ್ ಗೊತ್ತಾಗುವುದಿಲ್ಲ. ಇನ್ನು ಎಲ್‌ಪಿಜಿ ಸೋರಿಕೆಯ ವಾಸನೆಯೇ ಬಂದರೆ ಸ್ವಿಚ್ ಮುಟ್ಟಬೇಡಿ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ನಿಂತು 1906ಕ್ಕೆ ಕರೆ ಮಾಡಿ.

ನಾಲ್ಕು ದಿನ ಬರೆದಿಡಿ

ಒಂದೇ ವಾಸನೆಯಲ್ಲಿ ಹತ್ತು ನಿಮಿಷ ಕೂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಅದಕ್ಕೇ ನೆಂಟರಿಗೆ ಬಾಗಿಲಲ್ಲೇ ಗೊತ್ತಾಗುವುದು ಮನೆಯವರಿಗೆ ಗೊತ್ತಾಗದು. ಹೊರಗೆ ಇಪ್ಪತ್ತು ನಿಮಿಷ ಇದ್ದು ಬಂದು, ಒಳಗೆ ಎಳೆದ ಮೊದಲ ಎರಡು ಉಸಿರನ್ನಷ್ಟೇ ನಂಬಿ. ದಿನಕ್ಕೆ ಮೂರು ಬಾರಿ, ಅಂದರೆ ಎದ್ದ ಕೂಡಲೇ, ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಮಲಗುವ ಮುನ್ನ, ಪ್ರತಿ ಕೋಣೆಯನ್ನೂ ಹೀಗೆ ನೋಡಿ ಬರೆದಿಡಿ. ಜೊತೆಗೆ ಉಷ್ಣತೆ, ಮಳೆ ಇತ್ತೇ, ಕಿಟಕಿ ತೆಗೆದಿತ್ತೇ, ಎಸಿ ಓಡುತ್ತಿತ್ತೇ, ಏನು ಒರೆಸಿದಿರಿ, ಏನು ಹಚ್ಚಿದಿರಿ ಎಂಬುದೂ ಇರಲಿ. ಈ ನಾಲ್ಕು ದಿನ ಊದಿನಕಡ್ಡಿ, ರೂಮ್ ಫ್ರೆಶ್‌ನರ್, ಸೊಳ್ಳೆಬತ್ತಿ, ಸುವಾಸನೆಯ ಫಿನಾಯಿಲ್ ಯಾವುದೂ ಬೇಡ. ಅವು ತಾವೇ ಮೂಲಗಳು, ಜೊತೆಗೆ ಬೇರೆ ಮೂಲವನ್ನು ಮುಚ್ಚಿಡುತ್ತವೆ. ಹಾಗೆ ಬಿಟ್ಟದ್ದರಿಂದಲೇ ತಲೆನೋವು ನಿಂತರೆ ಪತ್ತೆಕಾರ್ಯ ಅಲ್ಲಿಗೇ ಮುಗಿಯಿತು.

ಬರೆದದ್ದನ್ನು ಹೀಗೆ ಓದಿಕೊಳ್ಳಿ.

- ಮಧ್ಯಾಹ್ನ ಮತ್ತು ಬೇಸಿಗೆಯಲ್ಲಿ ಜಾಸ್ತಿ, ಬೀಗ ಹಾಕಿ ಊರಿಗೆ ಹೋಗಿ ಬಂದಾಗ ಎಲ್ಲಕ್ಕಿಂತ ಜಾಸ್ತಿ, ಕಣ್ಣಲ್ಲಿ ನೀರು: ಮರದ ಹಲಗೆಯ ಅಂಟಿನಿಂದ ಬರುವ, ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಅನಿಲ. ಮುಂದೆ ವಿವರವಾಗಿ ಇದೆ.
- ಸಿಹಿ ಮಿಶ್ರಿತ ಥಿನ್ನರ್ ವಾಸನೆ, ವಾರದಿಂದ ವಾರಕ್ಕೆ ಇಳಿಮುಖ: ಎನಾಮಲ್ ಪೇಂಟ್, ಪಾಲಿಶ್, ಲ್ಯಾಮಿನೇಟ್ ಅಂಟಿಸಿದ ರಬ್ಬರ್ ಅಂಟು. ಇವುಗಳಲ್ಲಿರುವ ಟಾಲ್ಯೂಈನ್, ಜೈಲೀನ್ ಎಂಬ ದ್ರಾವಕಗಳು ಕೆಲವು ವಾರಗಳಲ್ಲಿ ಆರಿಹೋಗುತ್ತವೆ.
- ವಿನೆಗರ್ ವಾಸನೆ, ಸಿಂಕ್ ಅಥವಾ ಕಿಟಕಿ ಚೌಕಟ್ಟಿನ ಹತ್ತಿರ: ಸಿಲಿಕಾನ್ ಸೀಲಂಟ್ ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ. ಕೆಲವು ದಿನದಲ್ಲಿ ಹೋಗುತ್ತದೆ, ಬಿಟ್ಟುಬಿಡಿ.
- ಕೊಳೆತ ಮೊಟ್ಟೆ ವಾಸನೆ, ಅತಿಥಿಗಳ ಬಾತ್‌ರೂಮ್ ಕಡೆಯಿಂದ: ಬಳಸದೆ ನಹಾನಿ ಟ್ರ್ಯಾಪ್ ಒಣಗಿದೆ. ಎರಡು ಚೊಂಬು ನೀರು ಹುಯ್ದರೆ ನಿಲ್ಲುತ್ತದೆ. ಮತ್ತೆ ಮತ್ತೆ ಬಂದರೆ ಟ್ರ್ಯಾಪ್‌ನಲ್ಲಿ 50 ಮಿ.ಮೀ. ನೀರು ನಿಲ್ಲುತ್ತಿದೆಯೇ ಎಂದು ಪ್ಲಂಬರ್ ನೋಡಲಿ.
- ಅದೇ ಮೊಟ್ಟೆ ವಾಸನೆ, ಆದರೆ ಯುಪಿಎಸ್ ಬ್ಯಾಟರಿ ಇಟ್ಟ ಮೂಲೆಯಿಂದ, ಕರೆಂಟ್ ಬಂದ ಮೇಲೆ: ಬ್ಯಾಟರಿ ಓವರ್‌ಚಾರ್ಜ್ ಆಗುತ್ತಿದೆ, ಮುಟ್ಟಿದರೆ ಬಿಸಿಯಿರುತ್ತದೆ. ಈ ಹೊತ್ತಿಗೆ ಹೈಡ್ರೋಜನ್ ಕೂಡ ಏಳುತ್ತಿರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಮೆಕ್ಯಾನಿಕ್ ಕರೆಯಿರಿ. ಇದನ್ನು ಚರಂಡಿ ವಾಸನೆ ಎಂದು ತಪ್ಪು ತಿಳಿಯುವವರೇ ಹೆಚ್ಚು.
- ಬೆಳಿಗ್ಗೆ ಹಾಲ್‌ನಲ್ಲಿ ಪೆಟ್ರೋಲ್ ವಾಸನೆ: ರಾತ್ರಿ ಒಳಗೆ ನಿಲ್ಲಿಸಿದ ಸ್ಕೂಟರ್. ಭಾರತ್ ಸ್ಟೇಜ್ 6 ಪೆಟ್ರೋಲ್‌ನಲ್ಲೂ ಶೇ. 1ರವರೆಗೆ ಬೆಂಜೀನ್ ಇರಬಹುದು. ಬೆಂಜೀನ್ ಕ್ಯಾನ್ಸರ್ ತರುತ್ತದೆಂದು ಸಾಬೀತಾದ ವಸ್ತು. ಕಳ್ಳರ ಭಯ ನಿಜ, ಚೈನ್ ಹಾಕಿ ಹೊರಗೇ ನಿಲ್ಲಿಸಿ.
- ಬೀರು ತೆಗೆದಾಗ ಮಾತ್ರ ತಲೆಗೇರುವ ವಾಸನೆ: ನುಸಿಗುಳಿಗೆಯ ನ್ಯಾಫ್ತಲೀನ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 0.01 ಮಿ.ಗ್ರಾಂ. ಜಿ6ಪಿಡಿ ಕೊರತೆ (ಹುಟ್ಟಿನಿಂದ ಬರುವ ಕಿಣ್ವದ ಕೊರತೆ) ಇರುವ ಕೂಸಿಗೆ ನುಸಿಗುಳಿಗೆ ಇಟ್ಟಿದ್ದ ಬಟ್ಟೆ ತೊಡಿಸಿದರೂ ರಕ್ತಕಣಗಳು ಒಡೆಯಬಹುದು. ಬಾಣಂತಿ ಕೋಣೆಯಲ್ಲಿ ಇದು ಬೇಡವೇ ಬೇಡ.
- ರೇಷ್ಮೆ ಸೀರೆ ಡ್ರೈಕ್ಲೀನ್‌ನಿಂದ ಬಂದ ಮೇಲೆ ಈಥರ್‌ನಂಥ ವಾಸನೆ: ಟೆಟ್ರಾಕ್ಲೋರೋಎಥಿಲೀನ್. ಪ್ಲಾಸ್ಟಿಕ್ ಕವರ್ ತೆಗೆದು ಬಾಲ್ಕನಿಯ ನೆರಳಿನಲ್ಲಿ ಒಂದೆರಡು ದಿನ ಹರವಿ, ಆಮೇಲೆ ಬೀರುವಿಗೆ.
- ಬಚ್ಚಲು ತೊಳೆದ ಕೂಡಲೇ ಕೆಮ್ಮು, ಎದೆ ಬಿಗಿತ: ಬ್ಲೀಚಿಂಗ್ ಪೌಡರ್ ಮೇಲೆ ಟಾಯ್ಲೆಟ್ ಆಸಿಡ್ ಬಿದ್ದಿದೆ, ಕ್ಲೋರಿನ್ ಎದ್ದಿದೆ. ಹೊರಗೆ ಬನ್ನಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಹಾಕಿ, ಒಂದು ಗಂಟೆ ಆ ಕಡೆ ಹೋಗಬೇಡಿ. ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದನ್ನು ಇವತ್ತೇ ನಿಲ್ಲಿಸಿ.

ಸೊಳ್ಳೆಬತ್ತಿಯ ಬಗ್ಗೆ ಒಂದು ಮಾತು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಬತ್ತಿಯಿಂದ ಎದ್ದ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು ಕಂಡುಬಂತು, ಫಾರ್ಮಾಲ್ಡಿಹೈಡ್ 51 ಸಿಗರೇಟುಗಳವರೆಗೆ. ಹಲಗೆಯ ಫಾರ್ಮಾಲ್ಡಿಹೈಡ್ ಹುಡುಕುವಾಗ ಬತ್ತಿ ಹಚ್ಚಿಟ್ಟರೆ ಯಾವುದು ಎಷ್ಟು ಎಂದು ಬೇರ್ಪಡಿಸಲು ಸಾಧ್ಯವೇ ಇಲ್ಲ. ಪರದೆ ಕಟ್ಟಿ.

ಹಲಗೆಯ ಫಾರ್ಮಾಲ್ಡಿಹೈಡ್

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎಲ್ಲವೂ ಅಂಟಿನಿಂದ ನಿಂತಿವೆ. ಎಂಆರ್ ದರ್ಜೆಯ (ತೇವ ತಡೆಯುವ ಸಾಮಾನ್ಯ) ಪ್ಲೈ ಮತ್ತು ಹೆಚ್ಚಿನ ಬೋರ್ಡುಗಳಲ್ಲಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್. ಈ ಅಂಟು ಗಾಳಿಯ ತೇವ ಕುಡಿದು, ಬಿಸಿಗೆ ಸ್ವಲ್ಪ ಸ್ವಲ್ಪವೇ ಒಡೆಯುತ್ತ ವರ್ಷಗಟ್ಟಲೆ ಫಾರ್ಮಾಲ್ಡಿಹೈಡ್ ಬಿಡುತ್ತಿರುತ್ತದೆ. ಐಎಸ್ 710ರ ಮರೈನ್ ಪ್ಲೈನಲ್ಲಿರುವ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಇಷ್ಟು ಸುಲಭವಾಗಿ ಒಡೆಯದು, ಹಾಗಾಗಿ ಹೊರಸೂಸುವುದೂ ಬಹಳ ಕಡಿಮೆ. ಕಾರ್ಪೆಂಟರ್‌ಗಳು ಮರೈನ್ ಪ್ಲೈ ಶಿಫಾರಸು ಮಾಡುವುದು ನೀರಿಗಾಗಿ. ಗಾಳಿಗೂ ಅದೇ ಮೇಲು ಎಂಬುದು ಪುಕ್ಕಟೆ ಸಿಕ್ಕ ಲಾಭ.

ಇಲ್ಲೇ ಪತ್ತೆ ದಾರಿ ತಪ್ಪುವುದು. ಪೇಂಟ್, ಥಿನ್ನರ್ ವಾಸನೆ ಮೂರ್ನಾಲ್ಕು ವಾರದಲ್ಲಿ ಇಳಿದಾಗ ಎಲ್ಲವೂ ಸರಿಹೋಯಿತೆಂದು ತೋರುತ್ತದೆ. ಅದರ ಕೆಳಗೆ ಅಡಗಿದ್ದ ಫಾರ್ಮಾಲ್ಡಿಹೈಡ್ ಹಾಗೇ ಉಳಿದಿರುತ್ತದೆ. ಉಷ್ಣತೆ ಆರೇಳು ಡಿಗ್ರಿ ಏರಿದರೆ ಹೊರಸೂಸುವ ಪ್ರಮಾಣ ಸುಮಾರು ದುಪ್ಪಟ್ಟಾಗುತ್ತದೆ, ತೇವ ಏರಿದರೂ ಏರುತ್ತದೆ. ಡಿಸೆಂಬರ್‌ನಲ್ಲಿ ಗೃಹಪ್ರವೇಶ ಮಾಡಿದವರಿಗೆ ಏಪ್ರಿಲ್‌ನಲ್ಲಿ ವಾಸನೆ "ಹೊಸದಾಗಿ" ಶುರುವಾಗುವುದು ಇದರಿಂದ. ಮಂಗಳೂರು ಕಡೆಯವರಿಗೆ ಮಳೆಗಾಲದಲ್ಲಿ ಕಿಟಕಿ ಮುಚ್ಚಿದಾಗ ಇದೇ ಅನುಭವ.

"ಇ1 ಬೋರ್ಡ್ ಹಾಕಿಸಿದ್ದೇವೆ, ಆದರೂ ಯಾಕೆ?" ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಇ1 ಎಂಬುದು ಬೋರ್ಡ್ ಎಷ್ಟು ಫಾರ್ಮಾಲ್ಡಿಹೈಡ್ ಬಿಡಬಹುದೆಂಬ ದರ್ಜೆ: ಪರೀಕ್ಷಾ ಪೆಟ್ಟಿಗೆಯೊಳಗೆ ಅದು ಘನ ಮೀಟರ್‌ಗೆ 0.124 ಮಿ.ಗ್ರಾಂ ಮೀರಬಾರದು. ಅದೂ 23 ಡಿಗ್ರಿಯಲ್ಲಿ, ಶೇ. 45 ತೇವದಲ್ಲಿ, ಗಂಟೆಗೊಮ್ಮೆ ಪೂರ್ತಿ ಗಾಳಿ ಬದಲಾಗುವಾಗ, ಒಂದು ಘನ ಮೀಟರ್ ಗಾಳಿಗೆ ಒಂದು ಚದರ ಮೀಟರ್ ಹಲಗೆಯಂತೆ. ವಿಶ್ವ ಆರೋಗ್ಯ ಸಂಸ್ಥೆ 30 ನಿಮಿಷದ ಸರಾಸರಿಗೆ ಇಟ್ಟ ಮಿತಿ 0.1 ಮಿ.ಗ್ರಾಂ, ಸುಮಾರು 0.08 ಪಿಪಿಎಂ. ಅಂದರೆ ಇ1ರ ಮೇಲ್ಮಿತಿಯೇ ಅದಕ್ಕಿಂತ ತುಸು ಮೇಲಿದೆ. ಈಗ 10 × 12 ಅಡಿಯ ಮಲಗುವ ಕೋಣೆಯನ್ನು ತೆಗೆದುಕೊಳ್ಳಿ. ಎತ್ತರ ಒಂಬತ್ತೂವರೆ ಅಡಿಯಾದರೆ ಗಾಳಿ ಸುಮಾರು 32 ಘನ ಮೀಟರ್. ವಾರ್ಡ್‌ರೋಬ್‌ಗೆ 8 × 4 ಅಡಿಯ ಆರು ಶೀಟ್ ಹೋಗಿದ್ದರೆ ಎರಡೂ ಮುಖ ಸೇರಿ ಸುಮಾರು 36 ಚದರ ಮೀಟರ್. ಗಾಳಿಗೆ ಹಲಗೆಯ ಲೆಕ್ಕ ಹೆಚ್ಚುಕಡಿಮೆ ಪರೀಕ್ಷೆಯಲ್ಲಿದ್ದಷ್ಟೇ ಆಯಿತು, ಆದರೆ ಉಷ್ಣತೆ 30 ಡಿಗ್ರಿ, ಎಸಿಗಾಗಿ ಕಿಟಕಿ ಬಂದ್. ಲ್ಯಾಮಿನೇಟ್ ಮುಚ್ಚಿದ ಮುಖದಿಂದ ಬರುವುದು ತೀರ ಕಡಿಮೆ ನಿಜ, ಮುಚ್ಚದೆ ಬಿಟ್ಟ ಭಾಗಗಳು ಎಷ್ಟಿವೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆ ಭಾಗಗಳನ್ನು ಟಾರ್ಚ್ ಹಿಡಿದು ನೋಡಬೇಕು. ವಾರ್ಡ್‌ರೋಬ್‌ನ ತಲೆಯ ಮೇಲಿನ ಹಲಗೆ, ಲಾಫ್ಟ್‌ನ ಒಳಗೆ, ಡ್ರಾಯರ್‌ನ ತಳ, ಶೆಲ್ಫ್‌ನ ಹಿಂಬದಿ ಅಂಚು, ಮಂಚದ ಸ್ಟೋರೇಜ್ ಬಾಕ್ಸ್, ಸಿಂಕ್ ಕೆಳಗೆ ಪೈಪ್‌ಗೆ ಕೊರೆದ ತೂತು, ಹಿಂಜ್ ಕೂರಿಸಲು ಕೊರೆದ 35 ಮಿ.ಮೀ. ಕುಳಿ. ಕಣ್ಣಿಗೆ ಕಾಣದ ಕಡೆ ಬೋಳು ಬಿಡುವುದು ವಾಡಿಕೆ. ಅಂಚು ಮುಖಕ್ಕಿಂತ ಜಾಸ್ತಿ ಬಿಡುತ್ತದೆ, ಪಾರ್ಟಿಕಲ್ ಬೋರ್ಡ್‌ನಲ್ಲಂತೂ ಅಂಚೇ ಬಾಯಿ. ಇನ್ನೊಂದು ಅಡಗಿದ ಮೂಲ ಮೆಲಮೈನ್ ಪಾಲಿಶ್: ಆಮ್ಲ ಬೆರೆಸಿ ಗಟ್ಟಿಮಾಡುವ ಈ ಬಗೆಯ ಪಾಲಿಶ್ ಸಾಗುವಾನಿ ಬಾಗಿಲಿನ ಮೇಲಿದ್ದರೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. "ನಮ್ಮದು ಪೂರ್ತಿ ಘನ ಮರ" ಎನ್ನುವ ಮನೆಯಲ್ಲೂ ಪಾಲಿಶ್ ಯಾವುದೆಂದು ಕೇಳಿ.

ಯಾವ ವಸ್ತು ಎಂದು ಹಿಡಿಯಲು ಎರಡು ಪರೀಕ್ಷೆ. ಒಂದು, ರಾತ್ರಿ ವಾರ್ಡ್‌ರೋಬ್ ಖಾಲಿ ಮಾಡಿ, ಬಾಗಿಲ ಸಂದುಗಳಿಗೆ ಪೇಂಟರ್‌ಗಳ ಮಾಸ್ಕಿಂಗ್ ಟೇಪ್ ಹಚ್ಚಿ, ಬೆಳಿಗ್ಗೆ ಕೋಣೆಯ ಗಾಳಿಯನ್ನೂ ಒಳಗಿನ ಗಾಳಿಯನ್ನೂ ಹೋಲಿಸುವುದು. ಟೇಪ್ ಹಚ್ಚಿದ ರಾತ್ರಿ ಕಣ್ಣುರಿ ಇಳಿದರೆ ಮೂಲ ಅದೇ. ಎರಡು, ಹಲಗೆಯ ಎರಡು ಇಂಚಿನ ತುಂಡನ್ನು ಒಂದು ಲೀಟರ್ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಬಿಗಿಮಾಡಿ ಬೆಚ್ಚಗಿನ ಜಾಗದಲ್ಲಿ ರಾತ್ರಿಯಿಡೀ ಬಿಡುವುದು. ಪಕ್ಕದಲ್ಲಿ ಅಂಥದ್ದೇ ಖಾಲಿ ಬಾಟಲಿ ಇರಬೇಕು, ಯಾವುದರಲ್ಲಿ ಏನಿದೆ ಎಂದು ಗೊತ್ತಿಲ್ಲದವರು ಕ್ಷಣಕಾಲ ಮೂಸಿ ಹೇಳಬೇಕು. ಫೋಮ್ ಹಾಸಿಗೆ, ಕರ್ಟನ್, ಕಾರ್ಪೆಟ್ ತುಂಡಿಗೂ ಇದು ನಡೆಯುತ್ತದೆ. ಗೆದ್ದಲು ಔಷಧಿ ಹಾಕಿದ ಮರಕ್ಕೆ ಮಾತ್ರ ಬೇಡ. ಔಷಧಿ ಹೊಡೆದ ಮನೆಯಲ್ಲಿ ಜೊಲ್ಲು, ಬೆವರು, ಕಣ್ಣಿನ ಪಾಪೆ ಕಿರಿದಾಗುವುದು ಕಂಡರೆ ಪರೀಕ್ಷೆ ಬಿಟ್ಟು ಡಬ್ಬದ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ.

ಮೀಟರ್ ಓದುವಾಗ

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ "ಎಚ್‌ಸಿಎಚ್‌ಓ" (ಫಾರ್ಮಾಲ್ಡಿಹೈಡ್) ಮೀಟರ್‌ಗಳ ಅಂಕೆಯನ್ನು ಸತ್ಯವೆಂದು ಹಿಡಿಯಬೇಡಿ. ಸ್ಯಾನಿಟೈಸರ್, ಸೆಂಟ್, ಹುದುಗಿದ ದೋಸೆ ಹಿಟ್ಟಿನ ಆಲ್ಕೋಹಾಲ್‌ಗೂ ಅವು ಏರುತ್ತವೆ. ಟಿವಿಓಸಿ (ಆವಿಯಾಗುವ ಸಾವಯವ ರಾಸಾಯನಿಕಗಳ ಒಟ್ಟು) ಅಂಕೆ ಒಗ್ಗರಣೆ ಹಾಕಿದರೂ ಮೇಲೆ ಹೋಗುತ್ತದೆ. ಹೋಲಿಕೆಗೆ ಮಾತ್ರ ಅವು ಉಪಯೋಗ. ಮೊದಲು ಟೆರೇಸ್‌ನಲ್ಲಿ 15 ನಿಮಿಷ ಇಟ್ಟು ಹೊರಗಿನ ಅಂಕೆ ಬರೆದುಕೊಳ್ಳಿ. ಕೋಣೆಯನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿ, ಮಂಚದ ಎತ್ತರದಲ್ಲಿ, ಗೋಡೆಯಿಂದ ಒಂದು ಮೀಟರ್ ದೂರ ಮೂರು ಸಲ ಓದಿ. ಆಮೇಲೆ ವಾರ್ಡ್‌ರೋಬ್ ಒಳಗೆ, ಕೊನೆಗೆ ಬೋರ್ಡ್ ಇಲ್ಲದ ಬೇರೆ ಕೋಣೆಯಲ್ಲಿ. ಒಳಗಿನದು ಕೋಣೆಯ ನಾಲ್ಕೈದು ಪಟ್ಟು ಇದ್ದರೆ ಬೇರೆ ಸಾಕ್ಷಿ ಬೇಡ. ಕಾರ್ಪೆಂಟರ್‌ಗೆ ಅಥವಾ ಬಿಲ್ಡರ್‌ಗೆ ತೋರಿಸಲು ಪುರಾವೆ ಬೇಕೆಂದರೆ ಲ್ಯಾಬ್‌ನವರ ಡಿಎನ್‌ಪಿಎಚ್ ಕಾರ್ಟ್ರಿಜ್ (ಗಾಳಿ ಹಾಯಿಸಿ ಫಾರ್ಮಾಲ್ಡಿಹೈಡ್ ಹಿಡಿಯುವ ಕೊಳವೆ) ಪರೀಕ್ಷೆಯೇ ಆಗಬೇಕು. ವರದಿಯಲ್ಲಿ ಉಷ್ಣತೆ, ತೇವ, ಎಷ್ಟು ಹೊತ್ತು ಮುಚ್ಚಿತ್ತು ಎಂಬುದು ಇಲ್ಲದಿದ್ದರೆ ಆ ಅಂಕೆಗೆ ಅರ್ಥವಿಲ್ಲ.

ಇದಕ್ಕಿಂತ ದುಡ್ಡಿಗೆ ತಕ್ಕ ಉಪಕರಣ ಎನ್‌ಡಿಐಆರ್ (ಅವಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್‌ನ ಕಾರ್ಬನ್ ಡೈಆಕ್ಸೈಡ್ ಮೀಟರ್. ಗಾಳಿ ಎಷ್ಟು ಬದಲಾಗುತ್ತಿದೆ ಎಂದು ಇದರಿಂದ ಗೊತ್ತಾಗುತ್ತದೆ. ಹೊರಗೆ 420 ಪಿಪಿಎಂ ಇದೆ ಅನ್ನಿ. ಇಬ್ಬರು ಮಲಗಿ ಎದ್ದು ಹೊರಬಂದು ಬಾಗಿಲು ಮುಚ್ಚಿದಾಗ ಏಳು ಗಂಟೆಗೆ 1,620, ಎಂಟಕ್ಕೆ 1,020. ಹೊರಗಿನದನ್ನು ಕಳೆದರೆ 1,200 ಇದ್ದದ್ದು 600 ಆಯಿತು. ಹೀಗೆ ಅರ್ಧಕ್ಕಿಳಿಯಲು ಹಿಡಿದ ಗಂಟೆಗಳಿಂದ 0.69ನ್ನು ಭಾಗಿಸಿ: ಗಂಟೆಗೆ 0.69 ಸಲ ಗಾಳಿ ಬದಲಾಗುತ್ತಿದೆ. ಮೂರು ಗಂಟೆ ಹಿಡಿದರೆ 0.23, ಅದು ಉಸಿರುಗಟ್ಟಿದ ಕೋಣೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ.

ಸರಿಪಡಿಸುವ ಕ್ರಮ

ಮಲಗುವ ಕೋಣೆಯಿಂದ ಆರಂಭಿಸಿ, ಮಗುವಿನ ಕೋಣೆ ಇದ್ದರೆ ಅದರಿಂದ. ಒಬ್ಬ ಮನುಷ್ಯನಿಗೆ ಎಷ್ಟು ತಗಲುತ್ತದೆ ಎಂಬುದು ಗಾಳಿಯಲ್ಲಿರುವ ಪ್ರಮಾಣ, ಅಲ್ಲಿ ಕಳೆಯುವ ಹೊತ್ತು, ಎಳೆಯುವ ಉಸಿರು, ಈ ಮೂರರ ಗುಣಲಬ್ಧ. ಹಾಲ್‌ನ ಟಿವಿ ಯೂನಿಟ್ ಜೋರಾಗಿ ನಾರಿದರೂ ಎಂಟು ಗಂಟೆ ತಲೆ ಇಡುವುದು ಮಂಚದ ಮೇಲೆ. ಕೂಸುಗಳು ದೇಹತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಬಹಳ ಹೆಚ್ಚು ಗಾಳಿ ಎಳೆಯುತ್ತವೆ, ನೆಲದ ಧೂಳನ್ನೂ ಬಾಯಿಗೆ ಹಾಕಿಕೊಳ್ಳುತ್ತವೆ. ಹಳೇ ಮನೆಯಾದರೆ ಇಲ್ಲಿ ಸೀಸ ಬರುತ್ತದೆ: ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲಿನ ಎನಾಮಲ್ ಬಳಿದ ಕಿಟಕಿಯನ್ನು ಒಣ ಉಪ್ಪುಕಾಗದದಿಂದ ಉಜ್ಜಿಸಬೇಡಿ, ನೀರು ಹಾಕಿಯೇ ಉಜ್ಜಲಿ.

ಹಲಗೆಗೆ ಮೊದಲ ಮದ್ದು ತೆಗೆಯುವುದು, ಆಗದಿದ್ದರೆ ಮುಚ್ಚುವುದು. ಬೋಳು ಅಂಚುಗಳಿಗೆಲ್ಲ ಎಡ್ಜ್ ಬ್ಯಾಂಡ್, ಬೋಳು ಮುಖಗಳಿಗೆ ಲೈನರ್ ಲ್ಯಾಮಿನೇಟ್, ಅದೂ ಬಿಳಿ ಅಂಟಿನಲ್ಲಿ. ರಬ್ಬರ್ ಅಂಟು ಬಳಸಿದರೆ ಇನ್ನೊಂದು ತಿಂಗಳು ಟಾಲ್ಯೂಈನ್ ಕುಡಿಯಬೇಕು. ಲ್ಯಾಮಿನೇಟ್ ಕೂರದ ಕಡೆ ನೀರಿನಾಧಾರಿತ ಪಿಯು (ಪಾಲಿಯುರೆಥೇನ್) ಲೇಪನ ಮೂರು ಕೋಟ್, ನಡುವೆ ಪೂರ್ತಿ ಆರಲು ಬಿಟ್ಟು. ಹಿಂಜ್ ಕುಳಿ, ಸ್ಕ್ರೂ ತೂತುಗಳೊಳಗೂ ಬ್ರಶ್ ಹೋಗಬೇಕು. ಒಂದೇ ಕೋಟ್ ಬಳಿದು "ಏನೂ ಪ್ರಯೋಜನವಾಗಲಿಲ್ಲ" ಎನ್ನುವವರೇ ಹೆಚ್ಚು, ತೆಳು ಪದರದ ಮೂಲಕ ಅನಿಲ ನುಸುಳಿ ಬರುತ್ತದೆ.

ಗಾಳಿಗೆ: ಹಗಲು ಬಿಸಿಲೇರಿದಾಗ ವಾರ್ಡ್‌ರೋಬ್ ಬಾಗಿಲು, ಡ್ರಾಯರ್ ಎಲ್ಲ ತೆಗೆದಿಟ್ಟು ಎದುರುಬದುರು ಕಿಟಕಿ ತೆರೆಯಿರಿ. ಹೊರಬರುವುದು ಬಿಸಿಯಲ್ಲೇ ಆದ್ದರಿಂದ ಹೊರಹಾಕಬೇಕಾದ ಹೊತ್ತೂ ಅದೇ. ಕಿಟಕಿ ಒಂದೇ ಇದ್ದರೆ ಒಂದು ಗಾಜಿನ ಜಾಗದಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು, ಗಾಳಿ ಒಳಬರಲು ಬಾಗಿಲ ಕೆಳಗೆ ಒಂದು ಇಂಚು ಸಂದು ಬಿಡಿ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ ಎಕ್ಸಾಸ್ಟ್ ಓಡಿಸಿದರೆ ಅದು ಅಟ್ಯಾಚ್ಡ್ ಬಾತ್‌ರೂಮಿನ ಒಣ ಟ್ರ್ಯಾಪ್‌ನಿಂದ ಚರಂಡಿ ಗಾಳಿ ಎಳೆಯುತ್ತದೆ. ಒಂದು ವಾಸನೆ ಹೋಗಿ ಇನ್ನೊಂದು ಬಂತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಅಡುಗೆಮನೆಯಲ್ಲಿ ಡಕ್ಟ್ ಇಲ್ಲದ ಚಿಮಣಿ ಇದ್ದರೆ ಅದು ಜಿಡ್ಡು ಹಿಡಿಯುತ್ತದೆ ಅಷ್ಟೇ. ನೀಲಿ ಜ್ವಾಲೆಯಿಂದಲೂ ಏಳುವ ನೈಟ್ರೋಜನ್ ಡೈಆಕ್ಸೈಡ್ ವಾಪಸ್ ಕೋಣೆಗೇ ಬರುತ್ತದೆ. ಹೊರಗೆ ಹೋಗುವ ಡಕ್ಟ್ ಇದ್ದರೂ ಬಾಯಲ್ಲಿ ಪಾರಿವಾಳದ ಗೂಡಿದೆಯೇ ನೋಡಿ.

ಏರ್ ಪ್ಯೂರಿಫೈಯರ್‌ನ ಶೋಧಕದ ಮಾತು ಕೊನೆಗೆ. ಹೆಪಾ ಫಿಲ್ಟರ್ ಧೂಳಿಗೆ, ಅನಿಲಕ್ಕಲ್ಲ. ಸಾದಾ ಇದ್ದಿಲು ಟಾಲ್ಯೂಈನ್‌ನಂಥವನ್ನು ಹಿಡಿಯುತ್ತದೆ, ಫಾರ್ಮಾಲ್ಡಿಹೈಡ್‌ನ ಸಣ್ಣ ಅಣುವನ್ನು ಸರಿಯಾಗಿ ಹಿಡಿಯದು. ಅದಕ್ಕೆ ಪೊಟ್ಯಾಶಿಯಂ ಪರ್ಮಾಂಗನೇಟ್‌ನಂಥದ್ದು ಬೆರೆಸಿದ ಮಾಧ್ಯಮ ಬೇಕು, ಗ್ರಾಂ ಲೆಕ್ಕದಲ್ಲಲ್ಲ, ಕೆ.ಜಿ. ಲೆಕ್ಕದಲ್ಲಿ. ಓಝೋನ್ ಯಂತ್ರ ಮಾತ್ರ ತರಲೇಬೇಡಿ: ನಿಂಬೆ ವಾಸನೆಯ ಕ್ಲೀನರ್‌ನ ಲಿಮೊನೀನ್ ಜೊತೆ ಓಝೋನ್ ಸೇರಿದರೆ ಹೊಸದಾಗಿ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಗಿಡಗಳ ಕಥೆ ನಾಸಾದ 1989ರ ಪ್ರಯೋಗದಿಂದ ಬಂದದ್ದು, ಅದು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಹೇಗೂ ನಡೆಯುವ ಗಾಳಿ ಬದಲಾವಣೆಗೆ ಸಾಟಿಯಾಗಲು ನೆಲದ ಪ್ರತಿ ಚದರ ಮೀಟರ್‌ಗೆ 10ರಿಂದ 1,000 ಗಿಡ ಬೇಕೆಂದು ಬಂತು. ಗಿಡ ಚೆಂದಕ್ಕೆ ಇರಲಿ.

ಮುಚ್ಚುವ ಕೆಲಸ ಮುಗಿದ ಮೇಲೆ ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಅಲ್ಲಿಯವರೆಗೆ ಹೊಸ ಕೋಟ್‌ನ ವಾಸನೆಯೇ ಮೀಟರ್ ಏರಿಸುತ್ತದೆ. ಅದೇ ಜಾಗ, ಅದೇ ಎತ್ತರ, ಅಷ್ಟೇ ಗಂಟೆ ಮುಚ್ಚಿ, ಮತ್ತು ಮೊದಲ ಸಲ ಎಷ್ಟು ಡಿಗ್ರಿಯಿತ್ತೋ ಅದಕ್ಕೆ ಎರಡು ಡಿಗ್ರಿ ಆಚೀಚೆಯ ದಿನ ಆರಿಸಿ. ಮೇ ತಿಂಗಳ ಅಂಕೆಯನ್ನು ಆಗಸ್ಟ್‌ನ ಅಂಕೆಯ ಜೊತೆ ಹೋಲಿಸಿ ಕೆಲಸ ಗೆದ್ದಿತೆಂದು ಕಾರ್ಪೆಂಟರ್‌ಗೆ ಬಾಕಿ ದುಡ್ಡು ಕೊಟ್ಟುಬಿಡಬೇಡಿ.